ಈವರೆಗೆ ದೂರು ಬಂದಿಲ್ಲ

ಪೋಸ್ಟರಿಗೆ ಫೋಟೋ ತೆಗೆಯಲು ಬಂದವನಿಗೆ ಅವಳ ಮುಖ ಬೇಕಿರಲಿಲ್ಲ, ಕೈ ಬೇಕಿತ್ತು. ತುರ್ತು ಚಿಕಿತ್ಸಾ ವಿಭಾಗದ ಜಾರುಬಾಗಿಲಿನ ಮುಂದೆ ಅವಳನ್ನು ನಿಲ್ಲಿಸಿದ. ಹಿಂದೆ ಬೇರೆ ಬೇರೆ ಮೈಬಣ್ಣದ, ಬೇರೆ ಬೇರೆ ವಯಸ್ಸಿನ ಸಿಬ್ಬಂದಿಯನ್ನು ಹೂಕುಂಡಗಳ ಹಾಗೆ ಜೋಡಿಸಿದ. ಆಮೇಲೆ ಸ್ವಾಗತ ಅನ್ನುವುದನ್ನು ಕಿವುಡರ ಕೈಮಾತಿನಲ್ಲಿ ಮಾಡಿ ತೋರಿಸಿ ಮೇಡಂ ಎಂದ. ಅವಳು ತೋರಿಸಿದಳು. ಕೈ ಆಡಿಸಿದರೆ ಚಿತ್ರ ಮಸುಕಾಗುತ್ತದೆ, ಅಲ್ಲಾಡಿಸದೆ ಮಾಡಿ ಎಂದ. ಅಲ್ಲಾಡದ ಕೈಯಲ್ಲಿ ಆ ಮಾತೇ ಇರುವುದಿಲ್ಲ ಎಂದು ಅವಳು ಹೇಳಿದ್ದು ಅವನಿಗೆ ತಮಾಷೆಯಾಗಿ ಕೇಳಿಸಿತು. ಕೊನೆಗೆ ಅಂಗೈ ಮುಂದೆ ಚಾಚಿದ ಒಂದು ಭಂಗಿ ಅವನಿಗೆ ಒಪ್ಪಿಗೆಯಾಯಿತು. ಅದು ಯಾವ ಮಾತೂ ಆಗಿರಲಿಲ್ಲ. ಬಸ್ಸಿಗೆ ಕೈ ಅಡ್ಡ ಹಿಡಿದವರ ಹಾಗಿತ್ತು, ಅಷ್ಟೆ.

ಸಾಲಿನ ತುದಿಯಲ್ಲಿದ್ದ ಕಡ್ಡಿ ತುಟಿ ಅಲ್ಲಾಡಿಸದೆ, "ಅಧ್ಯಕ್ಷರೇ, ಸ್ವಲ್ಪ ಹಲ್ಲು ಬಿಡಿ" ಎಂದ.

ಕಡ್ಡಿ ಎಂಬುದು ಅವನಿಗೆ ಓದುವ ದಿನಗಳಲ್ಲೇ ಬಿದ್ದ ಹೆಸರು. ಅವಳ ಓರಗೆಯವನು, ಅವಳಂತೆಯೇ ತುರ್ತು ವಿಭಾಗದ ಕಿರಿಯ ವೈದ್ಯ. ನದಿಯಾಚೆಯ ಬಡಾವಣೆಯಿಂದ ಬಂದವನು. ಅಲ್ಲಿಯವರ ಬಣ್ಣವೂ ಅಲ್ಲಿಯವರ ಮಾತಿನ ಎಳೆತವೂ ಅವನನ್ನು ಬಿಟ್ಟಿರಲಿಲ್ಲ, ಅವನೂ ಅವನ್ನು ಬಿಡಲು ಹೋಗಿರಲಿಲ್ಲ. ಹಾಗಾಗಿ ಕೊರಳಲ್ಲಿ ಸ್ಟೆತಾಸ್ಕೋಪ್ ನೇತಾಡುತ್ತಿದ್ದರೂ ರೋಗಿಗಳ ಕಡೆಯವರು ಅವನ ಕೈಗೆ ಮೂತ್ರದ ಪಾತ್ರೆ ಕೊಟ್ಟು, ಡಾಕ್ಟರು ಯಾವಾಗ ಬರುತ್ತಾರಪ್ಪ ಎಂದು ಕೇಳುತ್ತಿದ್ದರು. ಅವನು ಪಾತ್ರೆ ಖಾಲಿ ಮಾಡಿ, ಕೈ ತೊಳೆದು ಬಂದು, ಬಂದೆ ನೋಡಿ ಎನ್ನುತ್ತಿದ್ದ.

ಇವರಿಬ್ಬರನ್ನು ಕರೆದು, ಅವಳನ್ನು ಅಧ್ಯಕ್ಷೆಯಾಗಿಸಿ ಸಮಿತಿ ಮಾಡಿಸಿದ್ದು ವಿಭಾಗದ ಮುಖ್ಯಸ್ಥರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು. ಬಾಗಿಲಿಗೆ ಬಂದ ಯಾರೂ ತಾವು ಹೊರಗಿನವರೆಂದು ಅಂದುಕೊಳ್ಳಬಾರದು, ಇದು ಕಿರಿಯರ ಕೆಲಸ, ನಿಮ್ಮ ಕಾಲದ ಕೆಲಸ ಎಂದು ಅವರು ಹೇಳಿದಾಗ ಇಬ್ಬರಿಗೂ ಮೈಯಲ್ಲಿ ಕರೆಂಟು ಹರಿದಂತಾಗಿತ್ತು. 'ಎಲ್ಲರನ್ನೂ ಒಳಗೊಳ್ಳುವ ಸಮಿತಿ' ಎಂಬ ಹೆಸರೂ ಅವರದೇ. ಒಳಗೊಳ್ಳುವ ಸಮಿತಿಗೆ ಒಳಗೆಲ್ಲೂ ಜಾಗ ಸಿಗದೆ ಅದು ಮೂಳೆ ಮುರಿದವರಿಗೆ ಪ್ಲಾಸ್ಟರ್ ಹಾಕುವ ಕೋಣೆಯಲ್ಲಿ, ಸುಣ್ಣದ ಪುಡಿ ಹಾರುವ ಬೆಂಚಿನ ಮೇಲೆ ಸೇರುತ್ತಿತ್ತು. ಯಾರಾದರೂ ಕೈ ಮುರಿದುಕೊಂಡು ಬಂದರೆ ಸಭೆ ಮುಂದಕ್ಕೆ ಹೋಗುತ್ತಿತ್ತು. ಮಳೆ ಬಂದು ನೆಲ ಜಾರುವ ದಿನಗಳಲ್ಲಿ ಸಭೆಯೇ ಇಲ್ಲ.

ಸಮಿತಿ ಬಹಳ ಕೇಳಿತ್ತು, ಸ್ವಲ್ಪ ಪಡೆದಿತ್ತು. ಅವಳು ಹಟ ಹಿಡಿದು ಕೂತದ್ದು ಒಂದಕ್ಕೆ ಮಾತ್ರ. ಚಕ್ರದ ಕಂಬದ ಮೇಲೆ ಒಂದು ವಿಡಿಯೋ ಪರದೆ. ಗುಂಡಿ ಒತ್ತಿದರೆ ಆ ಕಡೆ ಕೈಮಾತು ಬಲ್ಲ ಒಬ್ಬರು, ಹಗಲಾಗಲಿ ರಾತ್ರಿಯಾಗಲಿ. ಕಿವಿ ಕೇಳದ ರೋಗಿಯ ಹಾಸಿಗೆಯ ಪಕ್ಕಕ್ಕೆ ಆ ಕಂಬವನ್ನು ತಳ್ಳಿಕೊಂಡು ಹೋದರೆ ಆಯಿತು. ಜೊತೆಗೆ ಒಂದು ನಿಯಮ: ಅಂಥವರ ಎರಡೂ ಕೈಗಳಿಗೆ ಒಮ್ಮೆಗೇ ಏನನ್ನೂ ಚುಚ್ಚಬಾರದು, ಕಟ್ಟಬಾರದು; ಒಂದಾದರೂ ಮಾತಾಡಲು ಉಳಿಯಬೇಕು. ಬೇರೆ ಆಸ್ಪತ್ರೆಗಳಲ್ಲಿ ಇರುವಂಥದ್ದೇ, ಹೊಸದೇನಲ್ಲ.

ಫೋಟೋ ಮುಗಿದ ಮೇಲೆ ಯಜಮಾನರು ಅವಳ ಹೆಗಲ ಬಳಿ ಬಂದು, ಪರದೆಯ ವಿಚಾರ ಈ ವರ್ಷಕ್ಕೆ ಬೇಡವೆಂದು ಮೇಲಿನವರು ಹೇಳಿದ್ದಾರೆ ಎಂದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದರು. ಕಾರಣವೂ ಇತ್ತು. ದೂರಿನ ಕಿಟಕಿಯಲ್ಲಿ ವಿಚಾರಿಸಿದ್ದರಂತೆ. ಕಿವುಡರಿಂದ ಈವರೆಗೆ ಒಂದು ದೂರೂ ಬಂದಿಲ್ಲ.

ದೂರಿನ ಕಿಟಕಿ ಎಂದರೆ ದಪ್ಪ ಗಾಜು, ಗಾಜಿನಲ್ಲಿ ಒಂದು ರಂಧ್ರ, ರಂಧ್ರದ ಆಚೆ ಮೈಕು. ಬಾಯಲ್ಲಿ ಹೇಳಿದ್ದನ್ನು ಒಳಗೆ ಕೂತ ಗುಮಾಸ್ತೆ ಬೆರಳಚ್ಚು ಮಾಡಿಕೊಳ್ಳುತ್ತಾಳೆ. ಕಿವುಡರು ಅಲ್ಲಿಗೆ ಹೇಗೆ ಹೋಗಿ ಏನೆಂದು ಹೇಳಬೇಕಿತ್ತು ಎಂದು ಅವಳು ಕೇಳಿದಳು. ದನಿ ಸ್ವಲ್ಪ ಏರಿತ್ತು.

ಯಜಮಾನರು ನಕ್ಕರು. ಒಳ್ಳೆಯ ನಗುವೇ. ಅವರು ಕೆಟ್ಟವರಲ್ಲ, ಅದೇ ತಾಪತ್ರಯ. ಕೆಟ್ಟವರಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

"ಅದಕ್ಕೇ ನೀನಿದ್ದೀಯಲ್ಲಮ್ಮ" ಎಂದರು.

*

ಅವಳಿಗೆ ಬಾಯಿಮಾತಿಗಿಂತ ಮೊದಲು ಬಂದದ್ದು ಕೈಮಾತು. ಅಣ್ಣ ಹುಟ್ಟುಕಿವುಡ. ಅವಳು ತೊಟ್ಟಿಲಲ್ಲಿದ್ದಾಗ ಅವನು ಶಾಲೆಯಲ್ಲಿ ಕಲಿತದ್ದನ್ನೆಲ್ಲ ಅವಳ ಮುಖದ ಮೇಲೆ ಆಡಿಸಿ ಅಭ್ಯಾಸ ಮಾಡಿದ್ದ. ಅಮ್ಮನಿಗೆ ಮಾತ್ರ ಅದು ಹತ್ತಲಿಲ್ಲ. ಬಾ, ಹೋಗು, ಊಟ, ಸ್ನಾನ, ಸಾಕು. ಇಷ್ಟರಲ್ಲೇ ಮಗನನ್ನು ದೊಡ್ಡವನನ್ನಾಗಿ ಮಾಡಿದ್ದಳು. ಉಳಿದದ್ದಕ್ಕೆ ಮಗಳಿದ್ದಳಲ್ಲ. ಅಪ್ಪ ತೀರಿಕೊಂಡ ದಿನ ಆಸ್ಪತ್ರೆಯ ಓಣಿಯಲ್ಲಿ ಡಾಕ್ಟರು ಅಮ್ಮನಿಗೆ ಹೇಳಿದರು, ಅಮ್ಮ ಕುಸಿದು ಕೂತಳು, ಏನಾಯಿತೆಂದು ತಿಳಿಯದೆ ಎಲ್ಲರ ಮುಖ ನೋಡುತ್ತಿದ್ದ ಅಣ್ಣನಿಗೆ ಆ ಸುದ್ದಿ ಹೇಳುವ ಕೆಲಸ ಇವಳ ಪಾಲಿಗೆ ಬಂತು. ಆಗಿನ್ನೂ ಹಾಲುಹಲ್ಲು ಬೀಳುವ ವಯಸ್ಸು. ಆ ಓಣಿಯಲ್ಲಿ ಬಿಳಿ ಕೋಟು ಹಾಕಿದವರು ಅಷ್ಟು ಜನ ಓಡಾಡುತ್ತಿದ್ದರೂ ಒಬ್ಬರಿಗೂ ಆ ಒಂದು ಮಾತು ಬರಲಿಲ್ಲವಲ್ಲ ಎಂಬುದು ಅವಳಿಗೆ ಆಮೇಲೆ ಬೆಳೆದಂತೆಲ್ಲ ದೊಡ್ಡದಾಗುತ್ತ ಹೋಯಿತು.

ಅಣ್ಣ ಈಗ ಕಾರುಗಳ ಸೀಟಿಗೆ ಹೊದಿಕೆ ಹೊಲಿಯುತ್ತಾನೆ. ಸ್ವಂತ ಅಂಗಡಿ. ಹಳೆಯ ಹೊದಿಕೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಒಂದೇ ಎಳೆತಕ್ಕೆ ಪರ್ರನೆ ಹರಿಯುವುದು ಅವನಿಗೆ ಕೆಲಸದಲ್ಲೆಲ್ಲ ಇಷ್ಟವಾದ ಭಾಗ. ಆ ಸದ್ದು ತನಗೆ ಎದೆಯಲ್ಲಿ ಕೇಳಿಸುತ್ತದೆ ಎನ್ನುತ್ತಾನೆ.

ಆ ಸಂಜೆ ಊಟಕ್ಕೆ ಕೂತಾಗ ಅವಳು ನಡೆದದ್ದನ್ನೆಲ್ಲ ಅವನಿಗೆ ಹೇಳಿದಳು. ಹೇಳುತ್ತ ಹೇಳುತ್ತ ಕೈ ಜೋರಾಗಿ ನೀರಿನ ಲೋಟ ಉರುಳಿತು. ಅಮ್ಮ ನೀರು ಒರೆಸುತ್ತ, "ಏನಂತೆ? ನನಗೂ ಸ್ವಲ್ಪ ಹೇಳ್ರೋ. ಈ ಮನೇಲಿ ನಾನೊಬ್ಬಳೇ ಪರದೇಶಿ" ಎಂದಳು.

ಅಣ್ಣ ಕೈ ಒರೆಸಿಕೊಂಡು ನಿಧಾನವಾಗಿ ಹೇಳಿದ. ಅವರು ಜಾಣರು, ನೀನು ದಡ್ಡಿ. ಬಕೆಟ್ಟು ತುಂಬುತ್ತಿರುವವರೆಗೆ ಸೂರಿನ ತೂತು ಯಾರೂ ಮುಚ್ಚುವುದಿಲ್ಲ. ಆ ಬಕೆಟ್ಟು ನೀನು. ನಿನ್ನ ರಜೆಯ ದಿನ ನಮ್ಮವರು ಯಾರಾದರೂ ಬಿದ್ದರೆ? ನೀನು ಮದುವೆಯಾಗಿ ಬೇರೆ ಊರಿಗೆ ಹೋದರೆ?

"ಏನಂತೆ?" ಎಂದಳು ಅಮ್ಮ.

"ನನಗೆ ಮದುವೆ ಮಾಡ್ತಾನಂತೆ" ಎಂದಳು ಮಗಳು.

"ಒಳ್ಳೇ ಮಾತೇ ಆಡಿದಾನೆ ಹಾಗಾದ್ರೆ."

ಅವಳಿಗೆ ನಗು ಬರಲಿಲ್ಲ. ಅಣ್ಣ ಹೇಳಿದ್ದು ಮುಳ್ಳಿನ ಹಾಗೆ ಒಳಗೆ ಕೂತಿತು. ಇನ್ನು ಮುಂದೆ ತಾನು ಆಸ್ಪತ್ರೆಯಲ್ಲಿ ಬರೀ ಡಾಕ್ಟರು. ತನ್ನ ಪಾಳಿಯಲ್ಲಿ ತನ್ನ ಪಾಲಿಗೆ ಬಂದ ರೋಗಿಯ ಹೊರತು ಯಾರ ಬಾಯಿಯೂ ಅಲ್ಲ. ಹಾಸಿಗೆಯಿಂದ ಹಾಸಿಗೆಗೆ, ವಾರ್ಡಿನಿಂದ ವಾರ್ಡಿಗೆ ಕರೆಸಿಕೊಳ್ಳುವುದು ಬಂದ್. ಆಗ ಕೊರತೆ ಕಾಣಲಿ, ಕಣ್ಣಿಗೆ ಹೊಡೆಯಲಿ.

ಕಡ್ಡಿ ಇದನ್ನು ಕೇಳಿ ಪ್ಲಾಸ್ಟರ್ ಕೋಣೆಯ ಬೆಂಚಿನಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದ. ಯಜಮಾನರಿಗೂ ಮುಖಾಮುಖಿ ಹೇಳಬೇಕು, ಕದ್ದುಮುಚ್ಚಿ ಮಾಡಬಾರದು ಎಂದ. ಇಬ್ಬರೂ ಹೋಗಿ ಹೇಳಿದರು. ಯಜಮಾನರು ಕನ್ನಡಕ ತೆಗೆದು, ಅಪ್ಪನಂತೆ ನೋಡಿ, ಒಂದೇ ಮಾತು ಹೇಳಿದರು.

"ನಿನ್ನ ಕೈಲಾಗಲ್ಲ ಬಿಡಮ್ಮ."

ಹೊರಗೆ ಬಂದ ಮೇಲೆ ಕಡ್ಡಿ, ಇದು ಹೊಗಳಿಕೆಯೋ ಬೈಗುಳವೋ ಎಂದ. ಎರಡಕ್ಕೂ ಉತ್ತರ ಕೊಡುವ ಹಾಗಿಲ್ಲವಲ್ಲ, ಅದಕ್ಕೇ ಅವರು ಯಜಮಾನರು ಎಂದಳು ಅವಳು.

*

ಅದಾಗಿ ಕೆಲವು ದಿನಕ್ಕೆ, ಬೆಳಗಿನ ಗದ್ದಲ ಇಳಿಯುವ ಹೊತ್ತಿಗೆ ಒಬ್ಬ ಮುದುಕರು ಬಂದರು. ಮಾರುಕಟ್ಟೆಯ ಪಾದಚಾರಿ ದಾರಿಯಲ್ಲಿ ಎದೆ ಹಿಡಿದು ಕೂತವರನ್ನು ಆಂಬುಲೆನ್ಸಿನವರು ಎತ್ತಿಕೊಂಡು ಬಂದಿದ್ದರು. ಜೊತೆಗೆ ಯಾರೂ ಇರಲಿಲ್ಲ. ಕುಡಿದಿರಬೇಕು, ನಮ್ಮ ಮೇಲೇ ಮುಷ್ಟಿ ಬೀಸಿದ ಎಂದು ಆಂಬುಲೆನ್ಸಿನವರು ಒಪ್ಪಿಸಿ ಹೋದರು.

ಪಕ್ಕದ ಪರದೆಯ ಹಿಂದೆ ಅವಳು ಒಂದು ಮಗುವಿನ ಗಲ್ಲಕ್ಕೆ ಹೊಲಿಗೆ ಹಾಕುತ್ತಿದ್ದಳು. ಬಟ್ಟೆಯ ಪರದೆ, ಎಲ್ಲವೂ ಕೇಳಿಸುತ್ತಿತ್ತು. ಮುದುಕರನ್ನು ನೋಡುತ್ತಿದ್ದವಳು ಈಚೆಗೆ ಸೇರಿದ ಹೊಸ ಡಾಕ್ಟರಮ್ಮ, ಪಾಪದ ಹುಡುಗಿ. ಜೊತೆಗೆ ವಿಭಾಗದಲ್ಲೇ ಕೂದಲು ನರೆಸಿಕೊಂಡ ದೊಡ್ಡ ಸಿಸ್ಟರ್. ಅಜ್ಜ, ಎಲ್ಲಿ ನೋವು, ಅಜ್ಜ ಎಂದು ಹೊಸಬಳು ಕೇಳುತ್ತಿದ್ದಳು, ಉತ್ತರವಿಲ್ಲ. ಏನೋ ಬಡಿದ ಸದ್ದು. ಟ್ರೇ ಬಿದ್ದಿರಬೇಕು. ಹಿಡಿರಿ, ಕೈ ಹಿಡಿರಿ ಎಂದರು ಯಾರೋ. ಆಮೇಲೆ ಹಾಸಿಗೆಯ ಕಂಬಿಗೆ ಪಟ್ಟಿ ಬಿಗಿಯುವ ಚರಚರ.

"ಕಿವಿ ಕೇಳಲ್ಲ ಅನ್ಸುತ್ತೆ ಇವರಿಗೆ. ಕೈಮಾತು ಬರೋ ನಮ್ಮ ಡಾಕ್ಟರನ್ನ ಕರೀಲಾ?" ಎಂದಿತು ದೊಡ್ಡ ಸಿಸ್ಟರ್ ದನಿ.

ಅವಳು ಹೊಲಿಗೆಯ ಕೊನೆಯ ಗಂಟು ಹಾಕಿ, ದಾರ ಕತ್ತರಿಸಿ ತಲೆ ಎತ್ತಿದರೆ ಎದುರಿಗೆ ಕಡ್ಡಿ. ಅವನ ಮುಖ ಬಿಳಚಿಕೊಂಡಿತ್ತು, ಕಣ್ಣು ಮಾತ್ರ ಉರಿಯುತ್ತಿತ್ತು.

"ಯಜಮಾನರಿಗೆ ಫೋನ್ ಮಾಡಿದೀನಿ. ಬರ್ತಿದಾರೆ, ಲಿಫ್ಟಲ್ಲಿದಾರೆ. ಒಂದು ನಿಮಿಷ ತಡಿ. ಕಣ್ಣಾರೆ ನೋಡ್ಲಿ" ಎಂದ ಪಿಸುಮಾತಲ್ಲಿ. ಆಮೇಲೆ, ತನ್ನ ಮಾತು ತನಗೇ ಕೇಳಿಸಿದವನಂತೆ, "ಒಂದೇ ನಿಮಿಷ" ಎಂದ.

ಅವಳು ಎದ್ದಳು. ಪರದೆ ಸರಿಸಿದಳು. ಆದರೆ ಒಳಗೆ ಹೋಗಲಿಲ್ಲ. ಪರದೆಯ ಅಂಚು ಹಿಡಿದು ನಿಂತಳು. ಇದಕ್ಕೇ ಅಲ್ಲವೇ ಇಷ್ಟು ದಿನ ಕಾದದ್ದು. ದೂರು ಬೇಕೆಂದರಲ್ಲ, ಇಗೋ ದೂರು, ಹಾಸಿಗೆಯ ಮೇಲೆ ಮಲಗಿದೆ, ಬೆವರುತ್ತಿದೆ. ಇನ್ನೊಂದು ಬೆಳಿಗ್ಗೆ, ಇನ್ನೊಬ್ಬರು ಹೀಗೇ ಬಂದು, ತಾನಿಲ್ಲದೆ ಸಾಯುವುದಕ್ಕಿಂತ ಇವತ್ತು ಇವರು ಒಂದು ನಿಮಿಷ ಹೀಗೆ ಇದ್ದರೆ? ಈ ಲೆಕ್ಕ ಎಷ್ಟು ಸಲೀಸಾಗಿ ತಲೆಯೊಳಗೆ ಸಾಗಿತೆಂದರೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಕಾಲು ಕದಲಲಿಲ್ಲ.

ಹೊಸಬಳು ಇಸಿಜಿ ಕಾಗದ ಹಿಡಿದು ನೋಡುತ್ತಿದ್ದಳು. ಹೃದಯಾಘಾತದ ಹಾಗೇ ಕಾಣುತ್ತದೆ, ರಕ್ತ ತೆಳುವಾಗುವ ಇಂಜೆಕ್ಷನ್ ಕೊಟ್ಟುಬಿಡೋಣ ಎಂದಳು. ದೊಡ್ಡ ಸಿಸ್ಟರ್ ಸಿರಿಂಜಿಗೆ ಔಷಧಿ ಎಳೆದುಕೊಂಡರು.

ಮುದುಕರು ಕೈಗೆ ಕಟ್ಟಿದ ಪಟ್ಟಿಯನ್ನು ಎಳೆಯುತ್ತಿದ್ದರು. ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದಾರೆಂದೇ ಎಲ್ಲರೂ ತಿಳಿದಿದ್ದರು, ಮೊದಲ ನೋಟಕ್ಕೆ ಅವಳೂ. ಆದರೆ ಬಿಡಿಸಿಕೊಳ್ಳುವವರು ಮಣಿಕಟ್ಟು ತಿರುಚುತ್ತಾರೆ, ಹಾಸಿಗೆ ಒದೆಯುತ್ತಾರೆ. ಇವರ ಎರಡೂ ಮುಷ್ಟಿಗಳು ಬಿಗಿದು, ಒಟ್ಟಿಗೆ ಒಳಕ್ಕೆ ಬಂದು, ಒಟ್ಟಿಗೆ ಹೊರಕ್ಕೆ ಎಳೆದವು. ನಿಂತವು. ಮತ್ತೆ ಒಳಕ್ಕೆ, ಮತ್ತೆ ಹೊರಕ್ಕೆ. ಪಟ್ಟಿ ಬಿಟ್ಟಷ್ಟೇ ಅಂತರದಲ್ಲಿ. ಅಣ್ಣನ ಅಂಗಡಿಯಲ್ಲಿ ಹಳೆಯ ಹೊದಿಕೆ ಹರಿಯುವಾಗ ಕೈ ಹೋಗುವುದು ಹೀಗೇ.

ಅವರು ಹೊಡೆಯಲು ಬಂದಿರಲಿಲ್ಲ. ಹರೀತಿದೆ ಎನ್ನುತ್ತಿದ್ದರು. ಆಂಬುಲೆನ್ಸಿನಲ್ಲಿ ಎನ್ನುತ್ತಿದ್ದರು, ಟ್ರೇ ಬಿದ್ದಾಗಲೂ ಎನ್ನುತ್ತಿದ್ದರು, ಈಗ ಕಟ್ಟಿದ ಕೈಯಲ್ಲೂ ಅದನ್ನೇ ಎನ್ನುತ್ತಿದ್ದರು. ಹರೀತಿದೆ, ಹರೀತಿದೆ.

"ಇಂಜೆಕ್ಷನ್ ಬೇಡ" ಎಂದಳು. ಎರಡು ಹೆಜ್ಜೆಗೆ ಹಾಸಿಗೆಯ ಬಳಿ ಇದ್ದಳು. ಪಟ್ಟಿ ಬಿಚ್ಚುವಷ್ಟರಲ್ಲಿ ಮುದುಕರ ಬಲಗೈ ಹಾರಿ ಎದೆಗೆ ಬಂತು, ಎದೆಯಿಂದ ಭುಜದ ಮೇಲೆ ಹಾದು ಬೆನ್ನಿಗೆ ಹೋಯಿತು. ಇಲ್ಲಿಂದ ಇಲ್ಲಿಗೆ, ಬಟ್ಟೆ ಹರಿದ ಹಾಗೆ, ಒಮ್ಮೆಗೇ. ಅವಳು ಕೇಳಿದಳು, ಅವರು ಹೇಳಿದರು, ಯಾರೋ ಬಾಗಿಲು ತೆರೆದ ಹಾಗೆ ಅವರ ಮುಖದ ಗಾಬರಿ ಇಳಿಯಿತು. ಎರಡೂ ತೋಳಿನ ರಕ್ತದೊತ್ತಡ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ತಾಳೆಯೇ ಇಲ್ಲ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಗೋಡೆ ಒಳಗೇ ಸೀಳುತ್ತಿತ್ತು. ಅಂಥವರಿಗೆ ರಕ್ತ ತೆಳುವಾಗುವ ಔಷಧಿ ಹೋಗಿದ್ದರೆ ಅಲ್ಲಿಗೆ ಮುಗಿಯಿತು. ದೊಡ್ಡ ಸಿಸ್ಟರ್ ಸಿರಿಂಜನ್ನು ಕಸದ ಡಬ್ಬಿಗೆ ಹಾಕಿ ಗೋಡೆಗೆ ಒರಗಿ ನಿಂತುಬಿಟ್ಟರು.

ಮುದುಕರನ್ನು ಸ್ಕ್ಯಾನಿಗೆ, ಅಲ್ಲಿಂದ ಶಸ್ತ್ರಚಿಕಿತ್ಸೆಗೆ ತಳ್ಳಿಕೊಂಡು ಓಡುವಾಗ ಲಿಫ್ಟಿನ ಬಾಗಿಲು ತೆರೆಯಿತು. ಯಜಮಾನರು ಬಂದರು. ಅವರು ಕಣ್ಣಾರೆ ನೋಡಿದ್ದು ಇಷ್ಟು: ಒಬ್ಬ ಕಿವುಡ ರೋಗಿ, ಅವರ ಪಕ್ಕದಲ್ಲಿ ಓಡುತ್ತ ಕೈಮಾತಾಡುತ್ತಿರುವ ಅವಳು, ಎಲ್ಲವೂ ಸರಿಯಾಗಿ ನಡೆಯುತ್ತಿರುವ ವಿಭಾಗ.

*

ಮುದುಕರು ಬದುಕಿದರು. ಕೆಲವು ದಿನ ಕಳೆದು ಅವರು ಎದ್ದು ಕೂರುವ ಹಾಗಾದಾಗ ಯಜಮಾನರು ಅವಳನ್ನೂ ಕರೆದುಕೊಂಡು ವಾರ್ಡಿಗೆ ಹೋದರು. ಮುದುಕರು ಯಜಮಾನರ ಕೋಟು ನೋಡಿ, ಇವರೇ ಹಿರಿಯರೆಂದು ತಿಳಿದು, ಉದ್ದಕ್ಕೆ ಏನೋ ಹೇಳಿದರು. ನಡುನಡುವೆ ಮಣಿಕಟ್ಟಿಗೆ ಮಣಿಕಟ್ಟು ಸೇರಿಸುತ್ತಿದ್ದರು.

"ಧನ್ಯವಾದ ಹೇಳ್ತಿದಾರಲ್ವಾ?" ಎಂದರು ಯಜಮಾನರು.

"ಅಲ್ಲ ಸರ್. ಕೈ ಯಾಕೆ ಕಟ್ಟಿದ್ರಿ ಅಂತ ಕೇಳ್ತಿದಾರೆ. ನಾನೇನು ಕಳ್ಳನಾ ಅಂತ."

ಯಜಮಾನರು ಬಾಗಿ ಮುದುಕರ ಹೊದಿಕೆ ಸರಿಪಡಿಸಿದರು. ಆಮೇಲೆ, ಪಾಪ, ಗಾಬರಿಯಲ್ಲಿ ಹಾಗನ್ನಿಸಿರುತ್ತದೆ, ನಿಮ್ಮ ಒಳ್ಳೆಯದಕ್ಕೇ ಮಾಡಿದ್ದು ಎಂದು ಹೇಳಮ್ಮ ಎಂದರು. ಅವಳು ಹೇಳಿದಳು, ಒಂದಕ್ಷರ ಬಿಡದೆ. ಮುದುಕರು ಪೂರ್ತಿ ನೋಡಿ ಕಣ್ಣು ಮುಚ್ಚಿಕೊಂಡರು. ಕಿವುಡರು ಕಣ್ಣು ಮುಚ್ಚುವುದೆಂದರೆ ಬಾಗಿಲು ಹಾಕಿಕೊಂಡ ಹಾಗೆ. ಅದರಾಚೆಗೆ ಏನು ಹೇಳಿದರೂ ಒಳಕ್ಕೆ ಹೋಗುವುದಿಲ್ಲ. ನಿದ್ದೆ ಬಂತೇನೋ ಎಂದುಕೊಂಡು ಯಜಮಾನರು ತುದಿಗಾಲಲ್ಲಿ ಹೊರಗೆ ಬಂದರು.

ವಿಭಾಗದ ಆ ವಾರದ ಸಭೆಯಲ್ಲಿ ಅವಳಿಗೆ ಚಪ್ಪಾಳೆ. ಹೊಸಬಳು ಅಳುತ್ತ ಬಂದು ತಬ್ಬಿಕೊಂಡಳು. ಯಜಮಾನರು ನಾಲ್ಕು ಮಾತು ಚೆನ್ನಾಗಿಯೇ ಆಡಿದರು. ಯಂತ್ರಗಳು ಬರುತ್ತವೆ ಹೋಗುತ್ತವೆ, ಮನುಷ್ಯರ ಜಾಗಕ್ಕೆ ಪರದೆ ಬರುವುದು ಸಾಧ್ಯವೇ ಎಂದರು. ಮತ್ತೆ ಚಪ್ಪಾಳೆ. ಪರದೆಯ ಪ್ರಸ್ತಾಪಕ್ಕೆ ಅಲ್ಲಿಗೆ ಹೂವಿನ ಹಾರ ಹಾಕಿ ಹೂತದ್ದಾಯಿತು. ಕೈ ಕಟ್ಟುವ ವಿಚಾರ ಅವಳು ಎದ್ದು ನಿಂತು ಎತ್ತಿದಳು. ಅದನ್ನು ಸಮಿತಿಯಲ್ಲಿ ಚರ್ಚಿಸಿ ಎಂದರು. ಸಮಿತಿ ಎಂದರೆ ತಾನೇ. ಆ ಮಧ್ಯಾಹ್ನ ಪ್ಲಾಸ್ಟರ್ ಕೋಣೆಯಲ್ಲಿ ಯಾರೋ ಕಾಲು ಮುರಿದುಕೊಂಡು ಕೂತಿದ್ದರು.

ಕಡ್ಡಿ ಮಾತ್ರ ಚಪ್ಪಾಳೆ ತಟ್ಟಿರಲಿಲ್ಲ. ಆಮೇಲೆ ಓಣಿಯಲ್ಲಿ, ಆ ಒಂದು ನಿಮಿಷ ನಾನು ತಡಿ ಅನ್ನಬಾರದಿತ್ತು ಎಂದ. ನಾನು ತಡೀಬಾರದಿತ್ತು ಎಂದಳು ಅವಳು. ಒಳ್ಳೆಯವರನ್ನು ಇಂಥ ಮೂಲೆಗೆ ತಳ್ಳಿ ನಿಲ್ಲಿಸುವವರಿಗೆ ಯಾವ ಹೆಸರು ಎಂದು ಅವನು ಕೇಳಿದ. ಮೇಲಿನವರು ಎಂದಳು.

ಅಷ್ಟರಲ್ಲಿ ಪೋಸ್ಟರು ಅಚ್ಚಾಗಿ ಬಂದಿತ್ತು. ಅವಳ ಚಾಚಿದ ಅಂಗೈ, ಅದರ ಕೆಳಗೆ ದಪ್ಪ ಅಕ್ಷರ: 'ನಿಮ್ಮ ಮಾತು ಯಾವುದೇ ಇರಲಿ, ನಾವು ಕೇಳುತ್ತೇವೆ.' ಒಂದನ್ನು ದೂರಿನ ಕಿಟಕಿಯ ಪಕ್ಕಕ್ಕೇ ಅಂಟಿಸಿದ್ದರು.

*

ಮನೆಯಲ್ಲಿ ಎಲ್ಲವನ್ನೂ ಅಣ್ಣನಿಗೆ ಹೇಳಿದಳು, ಪರದೆಯ ಅಂಚು ಹಿಡಿದು ನಿಂತದ್ದನ್ನೂ. ಅಣ್ಣನ ಮನಸ್ಸು ಬೇರೆ ಕಡೆ ಸಿಕ್ಕಿಕೊಂಡಿತ್ತು. ಆ ಮುದುಕರು ಅವನಿಗೆ ಗೊತ್ತಿದ್ದವರು. ಮಾರುಕಟ್ಟೆಯಲ್ಲಿ ಬೀಗ ರಿಪೇರಿ ಮಾಡುವವರು, ಕಿವುಡರ ಸಂಘದಲ್ಲಿ ಕೇರಂ ಆಟದಲ್ಲಿ ಅವರನ್ನು ಮೀರಿಸಿದವರಿಲ್ಲ. ಕೈ ಯಾಕೆ ಕಟ್ಟಿದರು ಎಂದು ಮತ್ತೆ ಮತ್ತೆ ಕೇಳಿದ. ಆಮೇಲೆ, ಇದನ್ನು ಅವರು ಯಾರಿಗೆ ಹೇಳಬೇಕು ಎಂದ.

ದೂರಿನ ಕಿಟಕಿಗೆ.

ಅಲ್ಲಿ ಕೈಮಾತು ಬರುತ್ತದೋ?

ಇಲ್ಲ. ನನ್ನನ್ನು ಕರೆಯುತ್ತಾರೆ.

ನೀನು ಇರದಿದ್ದರೆ?

ಅವಳು ಹೆಗಲು ಕುಣಿಸಿದಳು. ಅಣ್ಣ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ನಕ್ಕ. ಅವನ ನಗುವಿಗೆ ದನಿಯಿದೆ, ಅದರ ಅಂಕೆ ಅವನ ಕೈಯಲ್ಲಿಲ್ಲ. ಅಮ್ಮ ಬೆಚ್ಚಿ, ಏನಂತೆ ಎಂದಳು. ಮಗಳಿಗೂ ಗೊತ್ತಾಗಲಿಲ್ಲ. ನಿನಗೆ ರಜೆ ಯಾವಾಗ ಎಂದಷ್ಟೇ ಅವನು ಕೇಳಿದ.

ರಜೆಯ ದಿನ ಅವಳು ಹಜಾರದಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದಾಗ ಕಡ್ಡಿಯ ಮೊದಲ ಸಂದೇಶ ಬಂತು. ನಿನ್ನಣ್ಣ ಇಲ್ಲಿದ್ದಾರೆ. ಒಬ್ಬರೇ ಅಲ್ಲ, ದಂಡು. ಬೀಗದ ಅಜ್ಜನನ್ನೂ ಗಾಲಿಕುರ್ಚಿಯಲ್ಲಿ ವಾರ್ಡಿನಿಂದ ಕೆಳಗಿಳಿಸಿ ತಂದಿದ್ದಾರೆ.

ಎರಡನೆಯದರಲ್ಲಿ ವಿಡಿಯೋ ಇತ್ತು. ದೂರಿನ ಕಿಟಕಿಯ ಮುಂದೆ ಏಳೆಂಟು ಜನ. ಗುಮಾಸ್ತೆ ಗಾಜಿನ ಆಚೆಯಿಂದ ಕಾಗದ, ಪೆನ್ನು ತೋರಿಸುತ್ತಿದ್ದಾಳೆ. ಅಣ್ಣ ತಲೆ ಅಲ್ಲಾಡಿಸುತ್ತಾನೆ. ಅವನಿಗೆ ಬರೆಯಲು ಬರುತ್ತದೆ, ಅಂಗಡಿಯ ರಸೀದಿಯೆಲ್ಲ ಅವನದೇ ಬರವಣಿಗೆ. ಅವನು ಪೋಸ್ಟರಿನ ಕಡೆ ಬೆರಳು ಮಾಡುತ್ತಾನೆ, 'ನಿಮ್ಮ ಮಾತು ಯಾವುದೇ ಇರಲಿ' ಎಂಬಲ್ಲಿ ಅಕ್ಷರದ ಕೆಳಗೆ ಬೆರಳು ಎಳೆಯುತ್ತಾನೆ, ಆಮೇಲೆ ಗಾಜಿನ ಎದುರು ನಿಂತು, ದುಡುಕದೆ, ಮೊದಲಿನಿಂದ ಶುರು ಮಾಡುತ್ತಾನೆ. ಮೈಕಿನ ದೀಪ ಹಸಿರು ಉರಿಯುತ್ತಿದೆ, ಏನನ್ನೂ ಕೇಳಿಸಿಕೊಳ್ಳದೆ.

ಮೂರನೆಯದು: ಗುಮಾಸ್ತೆ ಏನು ಟೈಪ್ ಮಾಡಿದಳು ಗೊತ್ತಾ? 'ಕಿವುಡರ ಗುಂಪಿನಿಂದ ದೂರು ಬಂದಿದೆ. ಏನೆಂದು ತಿಳಿಯಲಿಲ್ಲ.' ದೂರಿಗೆ ನಂಬರೂ ಬಿತ್ತು ಅಧ್ಯಕ್ಷರೇ.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. ರೋಗಿ ಯಾರಾದರೂ ಬಂದಿದ್ದಾರೋ ಎಂದು ಕೇಳಿದಳು. ಇಲ್ಲ, ಬಂದರೆ ನಾನೇ ಹೇಳುತ್ತೇನೆ, ನಿನ್ನಾಣೆ. ದೂರಿಗಾಗಿ ಮಾತ್ರ ನಿನ್ನನ್ನು ಹುಡುಕುತ್ತಿದ್ದಾರೆ ಎಂದು ಉತ್ತರ ಬಂತು. ಅದರ ಬೆನ್ನಿಗೇ ಫೋನು ಬಡಿದುಕೊಳ್ಳತೊಡಗಿತು. ಯಜಮಾನರು.

ಅವಳು ನೋಡುತ್ತ ಕೂತಳು. ನಿಂತಿತು. ಮತ್ತೆ ಶುರುವಾಯಿತು. ಮೇಜಿನ ಮೇಲೆ ಅದು ನಡುಗುತ್ತ ನಡುಗುತ್ತ ಅಂಚಿಗೆ ಬರುತ್ತಿತ್ತು.

"ಎತ್ತೇ. ಯಾರೋ ಒದ್ದಾಡ್ತಿದಾರೆ" ಎಂದಳು ಒಳಗಿನಿಂದ ಬಂದ ಅಮ್ಮ.

"ಆಸ್ಪತ್ರೆಯವರು. ಅಣ್ಣ ಅಲ್ಲಿ ಹೋಗಿ ಮಾತಾಡ್ತಿದಾನೆ. ಏನು ಹೇಳ್ತಿದಾನೆ ಅಂತ ನಾನು ಹೇಳಬೇಕಂತೆ."

"ಮತ್ತೆ ಹೇಳೇ. ನೀನಲ್ದೆ ಇನ್ಯಾರು ಹೇಳ್ತಾರೆ?"

ಅವಳಿಗೆ ರೇಗಿತು. ಯಜಮಾನರ ಮೇಲೆ ಬಂದಿದ್ದರೆ ಸರಿಯಿತ್ತು, ಅಮ್ಮನ ಮೇಲೆ ಬಂತು. ನೀನಿದ್ದೀಯಲ್ಲ ಎಂಬ ಆ ಒಂದೇ ಮಾತು ತನ್ನ ಹಾಲುಹಲ್ಲಿನ ಕಾಲದಿಂದ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ತನ್ನ ಹಿಂದೆಯೇ ಸುತ್ತುತ್ತಿದೆ ಎನಿಸಿತು. ಫೋನಿನ ಕರೆ ನಿಂತ ಗಳಿಗೆಯಲ್ಲಿ ವಿಡಿಯೋ ತೆರೆದು ಅಮ್ಮನ ಕೈಗೆ ತುರುಕಿದಳು.

"ನೀನೇ ಹೇಳು. ನಿನ್ನ ಮಗ ಅಲ್ವಾ?"

"ನನಗೆಲ್ಲಿ ಬರುತ್ತೇ ಅದು" ಎಂದಳು ಅಮ್ಮ. ಆದರೂ ಫೋನು ಹಿಂದಕ್ಕೆ ಕೊಡಲಿಲ್ಲ. ಕಿಟಕಿಯ ಬೆಳಕಿಗೆ ಹೋಗಿ ಹಿಡಿದಳು. ಕನ್ನಡಕ ಮೂಗಿನ ಮೇಲೇರಿಸಿದಳು. ಒಮ್ಮೆ ನೋಡಿದಳು, ಅರ್ಥವಾಗಲಿಲ್ಲ. ಮತ್ತೆ ಮೊದಲಿನಿಂದ ನೋಡಿದಳು. ಮಗ ಗಾಜಿನ ಎದುರು ನಿಧಾನಕ್ಕೆ, ಗುಮಾಸ್ತೆಗೆ ತಿಳಿಯಲೆಂದು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತಿದ್ದ. ಅಮ್ಮನ ಎಡಗೈ ತನ್ನಷ್ಟಕ್ಕೇ ಎದ್ದು, ಫೋನು ಹಿಡಿದ ಬಲಗೈಯ ಮಣಿಕಟ್ಟಿನ ಮೇಲೆ ಅಡ್ಡಲಾಗಿ ಬಂದು ಕೂತಿತು.

"ಇದು... ಕಟ್ಟೋದಲ್ವೇನೇ?" ಎಂದಳು. "ಕೈ ಕಟ್ಟಿದ್ರು ಅಂತಿದಾನೆ. ಕುರ್ಚಿಯಲ್ಲಿರೋ ಆ ಮುದುಕರನ್ನ ತೋರಿಸ್ತಿದಾನೆ. ಯಾಕೆ ಕಟ್ಟಿದ್ರಿ ಅಂತಿದಾನೆ."

ಮಗಳು ಕೆಳಗಿಟ್ಟ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡಳು.

"ಅಷ್ಟೇ ತಾನೆ ಕೇಳ್ತಿರೋದು? ಇದರಲ್ಲಿ ಅರ್ಥ ಆಗದೆ ಇರೋದೇನಿದೆ ಅವರಿಗೆ?"

ಅಮ್ಮನ ಕೈಯಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಮಗನ ಮುಖ ಮರೆಯಾಗಿ ಯಜಮಾನರ ಹೆಸರು ಬಂತು. ಅಮ್ಮ ಅದನ್ನು ಮಗಳ ಕಡೆ ಚಾಚಿದಳು, ಮಗಳು ತೆಗೆದುಕೊಳ್ಳದೆ ಬಟ್ಟೆ ಮಡಿಸುವುದನ್ನು ನೋಡಿದಳು, ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಅದು ಯಾವಾಗ ನಿಲ್ಲುವುದೋ, ಮಗ ಯಾವಾಗ ಮತ್ತೆ ಕಾಣುವನೋ ಎಂದು ಫೋನಿನ ಪರದೆಯನ್ನೇ ನೋಡುತ್ತ ಕಿಟಕಿಯ ಬಳಿ ನಿಂತಳು.